ಪಿಯುಸಿಯಲ್ಲಿ ಕಡಿಮೆ ಅಂಕ: ಕಾಲೇಜು ಪ್ರವೇಶಕ್ಕಿರುವ ದಾರಿಗಳು

ಮನೆಯಲ್ಲಿ ಸಾವು, ದೀರ್ಘ ಕಾಯಿಲೆ, ಹೆತ್ತವರ ದುಡಿಮೆ ನಿಂತುಹೋಗುವುದು - ದ್ವಿತೀಯ ಪಿಯುಸಿಯಲ್ಲಿ ಅಂಕ ಕುಸಿಯಲು ಕಾರಣಗಳು ಹಲವು. ಆದರೆ ರಾಜ್ಯದ ಕಾಲೇಜುಗಳಲ್ಲಿ ಪ್ರವೇಶ ಬಹುಮಟ್ಟಿಗೆ ಅಂಕ, ರ‍್ಯಾಂಕ್ ಮತ್ತು ಮೀಸಲಾತಿಯನ್ನು ಅವಲಂಬಿಸಿದೆ. ವಿದ್ಯಾರ್ಥಿಯ ಕಷ್ಟಕ್ಕೆ ಅಲ್ಲಿ ಲೆಕ್ಕವಿಲ್ಲ. ಹೀಗಾಗಿ ಯಾವ ಕೋರ್ಸು ಅಂಕಪಟ್ಟಿಯ ಯಾವ ಭಾಗವನ್ನು ನೋಡುತ್ತದೆ ಎಂಬುದನ್ನು ಮೊದಲು ತಿಳಿಯುವುದು ಒಳಿತು.

ಅಂಕ ಸುಧಾರಣೆ

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ವಾರ್ಷಿಕ ಪರೀಕ್ಷೆ ನಡೆಸುತ್ತಿದೆ. ಅನುತ್ತೀರ್ಣರಾದವರಷ್ಟೇ ಅಲ್ಲ, ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಹೆಚ್ಚಿನ ಅಂಕವೇ ಉಳಿಯುವುದರಿಂದ ನಷ್ಟದ ಭಯವಿಲ್ಲ. ಮೌಲ್ಯಮಾಪನದ ಬಗ್ಗೆ ಅನುಮಾನವಿದ್ದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆದು, ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ದೊರೆಯುವ ಅವಧಿ ಕಡಿಮೆ.

ಎಂಜಿನಿಯರಿಂಗ್ ಮತ್ತು ವೈದ್ಯಕೀಯ

ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರಲು ಭೌತವಿಜ್ಞಾನ, ಗಣಿತ ಮತ್ತು ರಸಾಯನವಿಜ್ಞಾನದಂತಹ ಮೂರನೆಯ ವಿಷಯದಲ್ಲಿ ಒಟ್ಟಾರೆ ಶೇ 45 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳಿಗೆ ಇದು ಶೇ 40. ಭಾಷಾ ವಿಷಯಗಳಲ್ಲಿ ತೇರ್ಗಡೆಯಾದರೆ ಸಾಕು, ಅವುಗಳ ಅಂಕ ಈ ಲೆಕ್ಕಕ್ಕೆ ಬರುವುದಿಲ್ಲ. ರ‍್ಯಾಂಕ್ ನೀಡುವಾಗ ಪಿಯುಸಿ ಮತ್ತು ಸಿಇಟಿ ಅಂಕಗಳಿಗೆ ಸಮಾನ ತೂಕವಿದೆ. ವೈದ್ಯಕೀಯ ಸೀಟಿಗೆ ಪಿಯುಸಿಯ ಅಂಕ ಅರ್ಹತೆಗಷ್ಟೇ ಬೇಕು. ರ‍್ಯಾಂಕ್ ನಿರ್ಧರಿಸುವುದು ನೀಟ್.

ಡಿಪ್ಲೊಮಾ

ಪಿಯುಸಿ ವಿಜ್ಞಾನ ಉತ್ತೀರ್ಣರು ಲ್ಯಾಟರಲ್ ಎಂಟ್ರಿ ವ್ಯವಸ್ಥೆಯಲ್ಲಿ ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ ಸೇರಲು ಅವಕಾಶವಿದೆ. ಡಿಪ್ಲೊಮಾ ಮುಗಿದ ಬಳಿಕ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಪ್ರವೇಶ ಪಡೆಯಬಹುದು. ನೇರವಾಗಿ ಸೇರಿದವರಿಗೆ ನಾಲ್ಕು ವರ್ಷ ಹಿಡಿದರೆ, ಈ ದಾರಿಯಲ್ಲಿ ಒಟ್ಟು ಐದು ವರ್ಷ ಬೇಕು.

ಪದವಿ ಮತ್ತು ದೂರಶಿಕ್ಷಣ

ಬಿ.ಎ., ಬಿ.ಕಾಂ. ಮುಂತಾದ ಪದವಿಗಳಿಗೆ ಸಾಮಾನ್ಯವಾಗಿ ಪಿಯುಸಿ ತೇರ್ಗಡೆಯೇ ಅರ್ಹತೆ. ನಗರದ ಹೆಸರಾಂತ ಕಾಲೇಜುಗಳಲ್ಲಿ ಪೈಪೋಟಿ ಹೆಚ್ಚಿದ್ದರೂ, ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಡೆದ ಪದವಿಯೂ ಸ್ನಾತಕೋತ್ತರ ಪ್ರವೇಶಕ್ಕೆ ಅಷ್ಟೇ ಮಾನ್ಯ.

ದುಡಿಯುತ್ತಲೇ ಓದಬೇಕಾದವರಿಗೆ 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಈ ಸಂಸ್ಥೆಯ ಕೋರ್ಸುಗಳಿಗೆ ಯುಜಿಸಿ ಮಾನ್ಯತೆ ಇಲ್ಲದಂತಾಗಿ, ಅದು ಮತ್ತೆ ದೊರೆತದ್ದು 2018ರಲ್ಲಿ. ನಡುವೆ ಓದಿದವರು ಬಹಳ ಕಷ್ಟಪಟ್ಟರು. ಆದ್ದರಿಂದ ಯಾವುದೇ ದೂರಶಿಕ್ಷಣ ಕೋರ್ಸಿಗೆ ಆ ವರ್ಷದ ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಯುಜಿಸಿ ಪಟ್ಟಿಯಲ್ಲಿ ನೋಡಬೇಕು.

ಹೆತ್ತವರ ಗಮನಕ್ಕೆ

ಫಲಿತಾಂಶದ ದಿನಗಳಲ್ಲಿ ಸೀಟು ಕೊಡಿಸುವುದಾಗಿ ಹೇಳುವ ದಲ್ಲಾಳಿಗಳು ಮನೆ ಬಾಗಿಲಿಗೇ ಬರುವುದುಂಟು. ರಸೀದಿ ಇಲ್ಲದೆ ಹಣವನ್ನಾಗಲಿ, ಮೂಲ ದಾಖಲೆಗಳನ್ನಾಗಲಿ ಯಾರ ಕೈಗೂ ಕೊಡಬಾರದು. ಸಾಲ ಮಾಡಿ ಡೊನೇಶನ್ ಕಟ್ಟುವ ಮುನ್ನ ಮರುಪರೀಕ್ಷೆಯ ದಿನಾಂಕ ವಿಚಾರಿಸುವುದು ಲೇಸು.

ಕಷ್ಟದ ವರ್ಷವನ್ನು ದಾಟಿ ಬಂದ ಮಗುವಿಗೆ ಅಂಕಪಟ್ಟಿ ಎರಡನೆಯ ಪೆಟ್ಟಾಗಬಾರದು. ಮಾತು ಬಿಟ್ಟು ಕುಳಿತರೆ, ಊಟ ನಿದ್ದೆ ತಪ್ಪಿದರೆ 14416 ಸಂಖ್ಯೆಗೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.