ವಿಡಿಯೊದಲ್ಲಿ ಗಿಟಾರ್ ತಂತಿ ಹಾವಿನಂತೆ ಬಳುಕುವುದೇಕೆ? ಮನೆಯಲ್ಲೇ ವಾದ್ಯ ರೆಕಾರ್ಡ್ ಮಾಡುವವರಿಗೆ

ಗಿಟಾರ್ ನುಡಿಸುವಾಗ ತಂತಿಗಳು ಹಾವಿನಂತೆ ಬಳುಕುವ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕಣ್ಣಿಗೆ ಕಾಣದ ನಾದದ ಅಲೆ ಮೊಬೈಲಿಗೆ ಕಂಡಿತು ಎಂಬಂಥ ಒಕ್ಕಣೆಯೂ ಜೊತೆಗಿರುತ್ತದೆ. ಇದು ನಿಜವೇ? ವಿಡಿಯೊ ನಕಲಿಯಲ್ಲ, ವಿವರಣೆ ಮಾತ್ರ ತಪ್ಪು.

ಇದೇನು ದೊಡ್ಡ ವಿಷಯ ಅನ್ನಬೇಡಿ. ಕೈಯಿಂದ ಮಾಡಿದ ಗಿಟಾರನ್ನೋ ವೀಣೆಯನ್ನೋ ಈಗ ಎಷ್ಟೋ ಜನ ವಿಡಿಯೊ ನೋಡಿಯೇ ಕೊಳ್ಳುತ್ತಾರೆ. ತಂತಿ ಸಡಿಲ, ನಾದ ಡಬ್ಬದಂತಿದೆ ಎಂದು ಅವರು ಬೇಡವೆಂದರೆ, ಫೋನಿನ ತಪ್ಪಿಗೆ ದಂಡ ತೆರುವುದು ಮಾಡಿದವರ ದುಡಿಮೆ.

ಫೋನಿನ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ. ಸಾಲು ಸಾಲಾಗಿ ಓದುತ್ತದೆ. ಇದಕ್ಕೆ ರೋಲಿಂಗ್ ಶಟರ್ ಎನ್ನುತ್ತಾರೆ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ, ಅತಿ ತೆಳು ತಂತಿ ಸುಮಾರು 330 ಸಲ ಕಂಪಿಸುತ್ತದೆ. ಒಂದು ಸಾಲು ಓದಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ತಂತಿ ಜಾಗ ಬದಲಿಸಿರುತ್ತದೆ. ಬೇರೆ ಬೇರೆ ಕ್ಷಣಗಳ ತುಂಡುಗಳನ್ನು ಒಂದೇ ಚಿತ್ರದಲ್ಲಿ ಹೊಲಿದಾಗ ಅಲೆ ಕಾಣುತ್ತದೆ.

ಪರಿಹಾರಕ್ಕೆ ದುಡ್ಡು ಬೇಡ. ಫೋನನ್ನು ಅಡ್ಡ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಆಗ ಓದುವ ಸಾಲೂ ತಂತಿಯೂ ಒಂದೇ ದಿಕ್ಕಿಗಿರುತ್ತವೆ, ಅಲೆ ಬಹುತೇಕ ಮಾಯ. ಸ್ಟೇಟಸ್‌ಗೆಂದು ಫೋನ್ ನೆಟ್ಟಗೆ ಹಿಡಿದಾಗಲೇ ಬಳುಕು ಜಾಸ್ತಿ. ಪ್ರೊ ಮೋಡ್ ಇದ್ದರೆ ಶಟರ್ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ದೀಪದ ಮಿನುಗುಪಟ್ಟಿಗಳೂ ತಗ್ಗುತ್ತವೆ.

ಇನ್ನು ಧ್ವನಿ. ನಿಜ ಹೇಳಬೇಕೆಂದರೆ ಹೆಚ್ಚು ವಾದ್ಯಗಳು ಸೋಲುವುದು ಇಲ್ಲೇ. ಗಿಟಾರಿನ ನಾದ ಆ ದುಂಡು ರಂಧ್ರದಿಂದ ಬರುತ್ತದೆಂದು ಎಲ್ಲರೂ ಮೈಕನ್ನು ಅದರ ಎದುರೇ ಇಡುತ್ತಾರೆ. ನಾದ ಹೆಚ್ಚಾಗಿ ಹೊಮ್ಮುವುದು ಮುಂಭಾಗದ ತೆಳು ಹಲಗೆಯಿಂದ. ರಂಧ್ರದಲ್ಲಿ ಒಳಗಿನ ಗಾಳಿ ಸುಮಾರು 100 ಹರ್ಟ್ಜ್‌ನಲ್ಲಿ ಗುಂಯ್‌ಗುಡುತ್ತದೆ, ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ. ಫೋನನ್ನು 12ನೇ ಫ್ರೆಟ್ಟಿನ ಎದುರು, ಸುಮಾರು ಒಂದಡಿ ದೂರ ಇಡಿ. ವೀಣೆ ಶೇಷಣ್ಣನವರ (1852–1926) ಈ ಊರಿನಲ್ಲಿ ವೀಣೆಯ ಬಗ್ಗೆಯೂ ಹೇಳದಿದ್ದರೆ ಹೇಗೆ? ಅಲ್ಲಿ ಕೊಡದಿಂದ ಎರಡಡಿ ದೂರದಿಂದ ಶುರುಮಾಡಿ, ಕೇಳುತ್ತಾ ಸರಿಸಿ. ತೀರಾ ಹತ್ತಿರವಾದರೆ ಮೀಟಿನ ಟಕಟಕವೇ ಮುಂದಾಗುತ್ತದೆ.

ಫೋನಿನ ಮೈಕ್ ಮಾತಿಗೆಂದು ಹೊಂದಿಸಿದ್ದು. ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಮೀಟಿದ ಸ್ವರ ನಿಧಾನ ಕರಗುವ ಭಾಗವನ್ನು ಗದ್ದಲವೆಂದು ಕತ್ತರಿಸಿಬಿಡಬಹುದು. ಒಳ್ಳೆಯ ಮರದ ಗುಣ ತಿಳಿಯುವುದು ಆ ಬಾಲದಲ್ಲೇ! ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸ್ಟುಡಿಯೊ ಆಗುತ್ತದೆ ಎಂಬುದೂ ಹಳೇ ಫಾರ್ವರ್ಡ್. 100 ಹರ್ಟ್ಜ್ ಧ್ವನಿಯ ಒಂದು ಅಲೆ ಸುಮಾರು 3.4 ಮೀಟರ್ ಉದ್ದ. ನಾಲ್ಕೈದು ಸೆಂಟಿಮೀಟರಿನ ರಟ್ಟು ಅದನ್ನು ತಡೆಯದು, ಹೀರದು. ತೀಕ್ಷ್ಣ ಧ್ವನಿ ಸ್ವಲ್ಪ ಮಂಕಾಗುತ್ತದೆ ಅಷ್ಟೆ. ಮೇಲೆ ಬೆಂಕಿಯ ಭಯ ಬೇರೆ. ಸರಸ್ವತಿಪುರಂನ ಮನೆಯ ಬರಿಗೋಡೆ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಟಣ್ ಎಂದು ಮರುದನಿ ಬಂದರೆ ಹಾಸಿಗೆ, ರಜಾಯಿ, ಪುಸ್ತಕದ ಕಪಾಟು ಇರುವ ಕೋಣೆಗೆ ಹೋಗಿ. ಫ್ಯಾನ್ ನಿಲ್ಲಿಸಿ. ರಸ್ತೆಯಲ್ಲಿ ಸ್ಕೂಟರ್ ಶುರುವಾಗುವ ಮುಂಚೆ ಕೂತರೆ ಇನ್ನೂ ಒಳ್ಳೆಯದು, ಆ ಹೊತ್ತಿಗೆ ಹಕ್ಕಿಗಳು ಸುಮ್ಮನಿದ್ದರೆ.

ಇಷ್ಟು ಮಾಡಿ ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ. ಅಟ್ಯಾಚ್ ಒತ್ತಿ, ಡಾಕ್ಯುಮೆಂಟ್ ಆಗಿ ಕಳಿಸಿ. ಕೇಳುವವರಿಗೆ ಇಯರ್‌ಫೋನ್ ಹಾಕಿಕೊಳ್ಳಲು ಹೇಳಿ. ಫೋನಿನ ಸಣ್ಣ ಸ್ಪೀಕರಿಗೆ 82 ಹರ್ಟ್ಜ್ ನುಡಿಸುವ ತಾಕತ್ತಿಲ್ಲ.