ಟೊಳ್ಳು ಗೋಡೆಯ ಲೆಕ್ಕ

ಒಂಟಾರಿಯೋದಲ್ಲಿ ಹಳೆಯ ಮನೆಯೊಂದನ್ನು ಕೊಳ್ಳುವಾಗ ಕರಾರುಪತ್ರದ ಒಂದು ಕಲಮು ನನ್ನನ್ನು ತಡೆದು ನಿಲ್ಲಿಸಿತು. ತಮಗೆ ತಿಳಿದ ಮಟ್ಟಿಗೆ ಈ ಕಟ್ಟಡದಲ್ಲಿ ಯೂರಿಯಾ ಫಾರ್ಮಾಲ್ಡಿಹೈಡ್ ನೊರೆಯ ಇನ್ಸುಲೇಷನ್ ಇಲ್ಲ ಎಂದು ಮಾರುವವರು ಭರವಸೆ ಕೊಡುವ ಕಲಮು. ‘ಅದು ಎಲ್ಲ ಕರಾರಿನಲ್ಲೂ ಇರುತ್ತೆ’ ಎಂದು ಏಜೆಂಟರು ಪುಟ ಮಗುಚಿದರು. ನಾನು ಲೆಕ್ಕಪತ್ರದವನು. ಎಲ್ಲ ಕಡೆ ಇರುವ ಷರತ್ತಿನ ಹಿಂದೆ ಯಾರೋ ಒಮ್ಮೆ ಕೈ ಸುಟ್ಟುಕೊಂಡಿರುತ್ತಾರೆ ಎಂದು ಗೊತ್ತು. ಆದರೂ ಸಹಿ ಹಾಕಿದೆ.

ಆ ಕಲಮಿನ ಜಾತಕ ಹುಡುಕುವಂತೆ ಮಾಡಿದ್ದು ಮೊದಲ ಚಳಿಗಾಲ. ಸೂರಿನ ಅಂಚಿನಿಂದ ಮೊಳದುದ್ದದ ಮಂಜಿನ ಕಡ್ಡಿಗಳು ಇಳಿಬಿದ್ದಿದ್ದವು. ಚೆಂದವೆಂದು ಫೋಟೊ ತೆಗೆದು ದಾವಣಗೆರೆಯ ನೆಂಟರಿಗೆಲ್ಲ ಕಳಿಸಿದೆ. ಪಕ್ಕದ ಮನೆಯ ಹಿರಿಯರು ಬೀದಿಯಲ್ಲಿ ನಿಂತು ನಮ್ಮ ಛಾವಣಿ ತೋರಿಸಿದರು. ಅವರದರ ಮೇಲೆ ಅರ್ಧ ಅಡಿ ಹಿಮ ಹಾಗೇ ಕುಳಿತಿತ್ತು, ನಮ್ಮದು ನಡುವೆ ಬೋಳು. ಒಳಗಿನ ಶಾಖ ಅಟ್ಟಕ್ಕೆ ಸೋರಿ ಮೇಲಿನ ಹಿಮ ಕರಗುತ್ತದೆ, ನೀರು ತಣ್ಣನೆಯ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟುತ್ತದೆ. ನಾನು ಫೋಟೊ ತೆಗೆದದ್ದು ನನ್ನ ಗ್ಯಾಸ್ ಬಿಲ್ಲನ್ನು! ಅಟ್ಟ ಹತ್ತಿ ನೋಡಿದರೆ ಹಲಗೆಯಿಂದ ಇಣುಕಿದ ಮೊಳೆಗಳ ತುದಿಗೆಲ್ಲ ಮಂಜು ಹರಳುಗಟ್ಟಿತ್ತು. ಕೆಳಗೆ ಹಾಸಿದ್ದ ಹೊದಿಕೆ ಮೂರು ಇಂಚೂ ಇರಲಿಲ್ಲ.

ಆ ವರ್ಷ ಬಂದಿದ್ದ ಅಮ್ಮನಿಗೆ ಇದೆಲ್ಲ ಮೊದಲ ರಾತ್ರಿಯೇ ಗೊತ್ತಾಗಿತ್ತು. ಉತ್ತರದ ಕೋಣೆಯ ಗೋಡೆಗೆ ಅಂಗೈಯಿಟ್ಟು, ‘ಇದು ಗೋಡೆಯಲ್ಲ ಕಣೋ, ಪರದೆ’ ಎಂದರು. ದಪ್ಪ ಮಣ್ಣಿನ ಗೋಡೆಗಳ ಮನೆಯಲ್ಲಿ ಬೆಳೆದವರು.

ಅವರು ಹೇಳಿದ್ದು ಸುಳ್ಳಲ್ಲ. ಇಲ್ಲಿನ ಹಳೆಯ ಮರದ ಚೌಕಟ್ಟಿನ ಮನೆಗಳ ಗೋಡೆ ಒಳಗೆ ಟೊಳ್ಳು. ಕೆಲವರು ಅದಕ್ಕೆ ಮರದ ಹೊಟ್ಟು, ಹಳೆಯ ಪತ್ರಿಕೆ ತುಂಬಿದರು, ಹಲವರು ಏನೂ ತುಂಬಲಿಲ್ಲ. ಎಣ್ಣೆ ಅಗ್ಗವಾಗಿದ್ದ ಕಾಲಕ್ಕೆ ಆ ಲೆಕ್ಕ ಸರಿಯೇ ಇತ್ತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಎಣ್ಣೆ ನಿರ್ಬಂಧಿಸಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. 1977ರಲ್ಲಿ ಕೆನಡಾ ಸರ್ಕಾರ ಹಳೆಯ ಮನೆಗಳ ಇನ್ಸುಲೇಷನ್‌ಗೆ ಸಹಾಯಧನ ಘೋಷಿಸಿತು. ಗೋಡೆ ಕೀಳದೆ, ಸಣ್ಣ ತೂತು ಕೊರೆದು ಟೊಳ್ಳಿಗೆ ನೊರೆ ತುಂಬುವ ಉಪಾಯ ಜನಕ್ಕೆ ಹಿಡಿಸಿತು. ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ನೊರೆ ಹೋಯಿತು. ಅದು ಸ್ಥಳದಲ್ಲೇ ಬೆರೆಸುವ ಮಿಶ್ರಣ. ಹದ ತಪ್ಪಿದರೆ ಫಾರ್ಮಾಲ್ಡಿಹೈಡ್ ಅನಿಲ ಮನೆಯೊಳಗೆ ಸೇರುತ್ತದೆ. ಕಣ್ಣುರಿ, ಕೆಮ್ಮು ಎಂದು ದೂರುಗಳು ಬಂದವು. 1980ರ ಡಿಸೆಂಬರ್‌ನಲ್ಲಿ ನೊರೆಗೆ ನಿಷೇಧ ಬಿತ್ತು. ಹಾಕಿಸಲು ದುಡ್ಡು ಕೊಟ್ಟ ಸರ್ಕಾರವೇ ಆಮೇಲೆ ತೆಗೆಸಲೂ ಕೊಟ್ಟಿತು. ಒಂದೇ ಬಾಬಿಗೆ ಎರಡು ವೋಚರ್! ಅನಿಲ ಬೇಗ ಇಳಿದುಹೋಗುತ್ತದೆ, ಹಳೆಯ ನೊರೆಗೆ ಹೆದರಬೇಕಿಲ್ಲ ಎಂಬ ಮಾತು ನಂತರ ಬಂತು. ಅಷ್ಟರಲ್ಲಿ ಆ ಮನೆಗಳ ಬೆಲೆ ಬಿದ್ದಿತ್ತು, ಭಯ ಕರಾರುಪತ್ರಕ್ಕೆ ಇಳಿದಿತ್ತು.

ನನಗೆ ಹೊಟ್ಟೆ ಉರಿಯುವುದು ಇನ್ನೊಂದು ವಿಷಯಕ್ಕೆ. ಅದೇ 1977ರಲ್ಲಿ, ಚಳಿ ಮೈನಸ್ 40ಕ್ಕೂ ಇಳಿಯುವ ರೆಜೈನಾದಲ್ಲಿ, ಮಾದರಿ ಮನೆಯೊಂದನ್ನು ಕಟ್ಟಿದ್ದರು. ದಪ್ಪ ಗೋಡೆ, ಗಾಳಿ ಸೋರದ ಸಂದುಗಳು, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಸಾಧನ. ಫರ್ನೇಸೇ ಇಲ್ಲ! ಜರ್ಮನಿಯವರು ಇಂಥ ಮನೆಗಳಿಂದ ಕಲಿತು 1991ರಲ್ಲಿ ತಮ್ಮ ಮೊದಲ ‘ಪ್ಯಾಸಿವ್ ಹೌಸ್’ ಕಟ್ಟಿದರು. ನಮ್ಮ ಕಡೆ ಮನೆ ಕಟ್ಟಿ ಮಾರುವವರಲ್ಲಿ ಬಹುಪಾಲು ಜನ ಹಳೆಯ ರೂಢಿಯನ್ನೇ ಮುಂದುವರಿಸಿದರು.

ಅಟ್ಟಕ್ಕೆ ಈಗ ಸೆಲ್ಯುಲೋಸ್ ಊದಿಸಿದ್ದೇವೆ. ಅದೂ ಪುಡಿಮಾಡಿದ ಹಳೆಯ ಪತ್ರಿಕೆಯೇ. ಹಿಮ ಈಗ ನಮ್ಮ ಛಾವಣಿಯ ಮೇಲೂ ನಿಲ್ಲುತ್ತದೆ. ಗೋಡೆಗೆ ಎರಡು ಕೊಟೇಶನ್ ಬಂದಿವೆ, ತೀರ್ಮಾನವಾಗಿಲ್ಲ. ಅಮ್ಮ ಈ ನವೆಂಬರ್‌ನಲ್ಲಿ ಮತ್ತೆ ಬರುತ್ತಾರೆ. ಸದ್ಯಕ್ಕೆ ಅವರ ಮಂಚವನ್ನು ಉತ್ತರದ ಗೋಡೆಯಿಂದ ಎರಡಡಿ ಈಚೆಗೆ ಎಳೆದಿಟ್ಟಿದ್ದೇನೆ.