ಮೂರು ಗಾಳಿ ಹಾಸಿಗೆ, ಹತ್ತು ಸಾವಿರ ಮನೆ

ವೀಕ್ಷಕರೇ, ಬಾಡಿಗೆ ಕಟ್ಟೋಕೆ ದುಡ್ಡಿಲ್ಲದ ಇಬ್ಬರು ಹುಡುಗರಿಂದ ಈ ಕಥೆ ಶುರುವಾಗುತ್ತೆ. 2007ರ ಅಕ್ಟೋಬರ್, ಸ್ಯಾನ್ ಫ್ರಾನ್ಸಿಸ್ಕೋ. ಬ್ರಯಾನ್ ಚೆಸ್ಕಿ, ಜೋ ಗೆಬಿಯಾ ಅಂತ ಇಬ್ಬರು ರೂಮ್‌ಮೇಟ್‌ಗಳು. ಊರಲ್ಲಿ ಡಿಸೈನ್ ಸಮ್ಮೇಳನ, ಹೋಟೆಲ್‌ಗಳೆಲ್ಲ ಫುಲ್. ಇವರು ಮನೆಯಲ್ಲೇ ಮೂರು ಗಾಳಿ ಹಾಸಿಗೆ ಹಾಸಿ, ಬೆಳಗ್ಗೆ ತಿಂಡಿ ಕೊಡ್ತೀವಿ, ರಾತ್ರಿಗೆ 80 ಡಾಲರ್ ಅಂದರು. ಮೂವರು ಬಂದರು. ಅದರಲ್ಲೊಬ್ಬ ನಮ್ಮ ಭಾರತದ ವಿದ್ಯಾರ್ಥಿ! ಏರ್‌ಬಿಎನ್‌ಬಿ ಹುಟ್ಟಿದ್ದು ಹೀಗೆ. ಬಾಡಿಗೆ ಏರಿತು ಅಂತ ಹುಟ್ಟಿದ ಕಂಪನಿಯ ಮೇಲೆ ಇವತ್ತು ಊರೂರಲ್ಲಿ ಇರುವ ದೂರು ಏನು ಗೊತ್ತಾ? ನಿಮ್ಮಿಂದಲೇ ಬಾಡಿಗೆ ಏರಿತು ಅಂತ.

ಆ ದೂರು ಅತಿ ಜೋರಾಗಿ ಕೇಳಿದ್ದು ಸ್ಪೇನ್‌ನ ಬಾರ್ಸಿಲೋನಾದಲ್ಲಿ. ಅಲ್ಲಿ ಸಮುದ್ರದ ದಂಡೆಗೆ ಬಾರ್ಸಿಲೋನೆಟಾ ಅನ್ನುವ ಪುಟ್ಟ ಬಡಾವಣೆಯಿದೆ. ಅದರ ಹುಟ್ಟಿನಲ್ಲೇ ಮನೆ ಕಳಕೊಂಡವರ ನೋವಿದೆ. 1714ರಲ್ಲಿ ನಗರ ದೊರೆಯ ಸೈನ್ಯಕ್ಕೆ ಬಿತ್ತು. ಗೆದ್ದವರು ನಗರವನ್ನು ಹದ್ದುಬಸ್ತಿನಲ್ಲಿಡಲು ಕೋಟೆ ಕಟ್ಟಬೇಕಿತ್ತು. ಅದಕ್ಕೆ ರಿಬೇರಾ ಎಂಬ ಕೇರಿಯ ನೂರಾರು ಮನೆಗಳನ್ನು ಕೆಡವಿದರು. ಬದಲಿ ವಸತಿ ಅಂತ ಈ ಬಡಾವಣೆ ಕಟ್ಟಲು ಶುರು ಮಾಡಿದ್ದು 1753ರಲ್ಲಿ! ಅಷ್ಟರಲ್ಲಿ ಒಂದು ತಲೆಮಾರೇ ಮುಗಿದಿತ್ತು. ನಮ್ಮ ಪುನರ್ವಸತಿ ಫೈಲುಗಳೇ ಎಷ್ಟೋ ವಾಸಿ ಅನ್ನಬೇಕೇನೋ.

ಒಂದು ಸಂಸಾರಕ್ಕೆ ಒಂದು ಮನೆ ಅಂತ ಕಟ್ಟಿದ್ದು. ಆಮೇಲೆ ಮೀನುಗಾರರು, ಬಂದರಿನ ಕೂಲಿಗಳು, ಕಾರ್ಖಾನೆ ಕೆಲಸಗಾರರು ತುಂಬಿಕೊಂಡ ಹಾಗೆ ಮನೆ ಅರ್ಧವಾಯಿತು, ಅರ್ಧ ಕಾಲಾಯಿತು. 'ಕಾಲು ಮನೆ' ಅನ್ನೋದೇ ಅಲ್ಲಿನ ಹೆಸರು. ಹೆಚ್ಚುಕಡಿಮೆ 30 ಚದರ ಮೀಟರ್, ಅಂದರೆ ಮುನ್ನೂರು ಚಿಲ್ಲರೆ ಚದರಡಿ. 1992ರ ಒಲಿಂಪಿಕ್ಸ್‌ಗೆ ನಗರ ತನ್ನ ದಂಡೆಯನ್ನು ಚೊಕ್ಕ ಮಾಡಿತು. ಕೂಲಿಕಾರರ ಕಾಲು ಮನೆ ರಾತ್ರೋರಾತ್ರಿ 'ಬೀಚ್ ಪಕ್ಕದ ಅಪಾರ್ಟ್‌ಮೆಂಟ್' ಆಗಿಬಿಡ್ತು. ವಾರದ ಪ್ರವಾಸಿಯಿಂದ ತಿಂಗಳ ಬಾಡಿಗೆಯಷ್ಟು ಬರುತ್ತೆ ಅಂದಮೇಲೆ, ಯಾವ ಮಾಲೀಕ ಮೀನುಗಾರನ ಮಗನಿಗೆ ಮನೆ ಕೊಡ್ತಾನೆ ಹೇಳಿ? ಅವನನ್ನು ದುಷ್ಟ ಅನ್ನಬೇಡಿ, ಲೆಕ್ಕ ಹಾಗಿದೆ.

2014ರ ಆಗಸ್ಟ್‌ನಲ್ಲಿ ಮೂವರು ಪ್ರವಾಸಿಗಳು ಆ ಬೀದಿಗಳಲ್ಲಿ ಹಾಡಹಗಲೇ ಬೆತ್ತಲೆ ಓಡಾಡಿದರು. ಫೋಟೋ ಎಲ್ಲೆಡೆ ಹರಡಿತು. ಜನ ಬೀದಿಗಿಳಿದರು. ಮರುವರ್ಷ ಮೇಯರ್ ಆದವರು ಯಾರು? ಅದಾ ಕೊಲಾವು. ಸಾಲ ಕಟ್ಟಲಾಗದೆ ಮನೆ ಬಿಡಬೇಕಾದವರ ಪರ ಹೋರಾಡಿ, ಪೊಲೀಸರ ಕೈಯಲ್ಲಿ ಎಳೆಸಿಕೊಂಡ ಹೆಣ್ಣುಮಗಳು. ಬಂದವರೇ ಹೊಸ ಪ್ರವಾಸಿ ವಸತಿಗಳಿಗೆ ಪರವಾನಗಿ ತಡೆದರು. 2016ರಲ್ಲಿ, ಪರವಾನಗಿಯಿಲ್ಲದ ಮನೆಗಳ ಜಾಹೀರಾತು ಹಾಕಿದ್ದಕ್ಕೆ ಏರ್‌ಬಿಎನ್‌ಬಿಗೆ 6 ಲಕ್ಷ ಯೂರೋ ದಂಡ. ಆದರೂ ಬಾಡಿಗೆ ನಿಲ್ಲಲಿಲ್ಲ.

ಮುಂದೆ ಬಂದ ಮೇಯರ್ ಜೌಮೆ ಕೊಲ್ಬೋನಿ 2024ರ ಜೂನ್‌ನಲ್ಲಿ ಬಾಂಬ್ ಹಾಕಿದರು. ಹತ್ತು ವರ್ಷದಲ್ಲಿ ಬಾಡಿಗೆ ಶೇ. 68 ಏರಿದೆ, ನಗರದ 10,101 ಪ್ರವಾಸಿ ಫ್ಲ್ಯಾಟ್‌ಗಳ ಪರವಾನಗಿಯಲ್ಲಿ ಒಂದನ್ನೂ 2028ರ ನವೆಂಬರ್ ನಂತರ ನವೀಕರಿಸಲ್ಲ ಅಂದರು. ಇದು ಆಸ್ತಿ ಕಿತ್ತುಕೊಂಡಂತೆ ಅಂತ ಮಾಲೀಕರ ಕೂಗು. ಆದರೆ ಇದಕ್ಕೆ ಆಧಾರವಾದ ಕ್ಯಾಟಲೋನಿಯಾದ ಕಾನೂನನ್ನು 2025ರ ಮಾರ್ಚ್‌ನಲ್ಲಿ ಸ್ಪೇನ್‌ನ ಸಾಂವಿಧಾನಿಕ ನ್ಯಾಯಾಲಯ ಎತ್ತಿಹಿಡಿಯಿತು.

ನನಗೆ ಒಂದು ಅನುಮಾನ ಇದೆ, ಮುಚ್ಚಿಡಲ್ಲ. ನ್ಯೂಯಾರ್ಕ್ 2023ರ ಸೆಪ್ಟೆಂಬರ್‌ನಿಂದ ಇದಕ್ಕಿಂತ ಬೇರೆ ದಾರಿ ಹಿಡಿದಿದೆ. 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವುದಾದರೆ ನೋಂದಣಿ ಬೇಕು, ಮಾಲೀಕ ಮನೆಯಲ್ಲೇ ಇರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು. ನಮ್ಮ ಕೊಡಗಿನ ಹೋಂಸ್ಟೇ ಅಂದರೆ ಮೂಲದಲ್ಲಿ ಇದೇ ಅಲ್ವೇ? ಮನೆಯವರು ಇರ್ತಾರೆ, ಕಡಂಬಿಟ್ಟು ಬಡಿಸ್ತಾರೆ, ನಾವು ಅವರ ಅತಿಥಿಗಳು. ಮನೆಗೆ ಅತಿಥಿ ಬರೋದು ಬೇರೆ, ಅತಿಥಿಗೋಸ್ಕರ ಮನೆಯವರೇ ಇಲ್ಲದಂತಾಗೋದು ಬೇರೆ. ನಿಯಮ ಸರಿ. ಆದರೆ ಮ್ಯಾನ್‌ಹಟನ್‌ನ ಬಾಡಿಗೆ ಇಳಿಯಲಿಲ್ಲ, ಆಮೇಲೂ ದಾಖಲೆ ಮುರಿಯಿತು. ಯಾಕೆಂದರೆ 2023ರ ಸಮೀಕ್ಷೆಯಲ್ಲಿ ಆ ನಗರದ ಬಾಡಿಗೆ ಮನೆಗಳಲ್ಲಿ ಖಾಲಿ ಇದ್ದದ್ದು ಶೇ. 1.4 ಮಾತ್ರ. ಹೊಸ ಮನೆ ಕಟ್ಟದೆ, ಇರುವುದನ್ನಷ್ಟೇ ಕೈಬದಲಿಸಿದರೆ ಎಷ್ಟು ದೂರ ಸಾಗುತ್ತೆ?

ಬಾರ್ಸಿಲೋನಾದ ಮಾಲೀಕರೂ ಸುಮ್ಮನೆ ಕೂತಿಲ್ಲ. ಗಡುವು ಇರುವುದು 2028ರ ನವೆಂಬರ್‌ಗೆ. ಮೇಯರ್ ಚುನಾವಣೆ 2027ರ ಮೇ ತಿಂಗಳಲ್ಲೇ ಬರುತ್ತೆ.